ಟೈಪ್ 2 ಮಧುಮೇಹದಲ್ಲಿ ಪಾದದ ತೊಂದರೆಗಳು: ಅನುವಂಶೀಯತೆಯ ಪಾತ್ರವೆಷ್ಟು?

ಪೀಠಿಕೆ

ಮಧುಮೇಹ ಅಥವಾ ಸಕ್ಕರೆ ಕಾಯಿಲೆಯು ಇಂದು ನಗರ, ಗ್ರಾಮ ಎಂಬ ಭೇದವಿಲ್ಲದೆ ಎಲ್ಲೆಡೆ ಕಂಡುಬರುತ್ತಿರುವ ದೀರ್ಘಕಾಲಿಕ ರೋಗವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ ರಾಷ್ಟ್ರವ್ಯಾಪಿ ಸಮೀಕ್ಷೆಯ ಫಲಿತಾಂಶವು 2023ರಲ್ಲಿ ಪ್ರಕಟವಾಗಿದ್ದು, ಅದರ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ ಸುಮಾರು 13.6 ಕೋಟಿ ಜನರು ಮಧುಮೇಹದ ಪೂರ್ವ ಹಂತದಲ್ಲಿದ್ದಾರೆ. ಇವರಲ್ಲಿ ಬಹುಪಾಲು ಜನರದು ಟೈಪ್ 2 ಮಧುಮೇಹ.

ಈ ರೋಗದ ತೊಡಕುಗಳ ಪೈಕಿ ಸಾರ್ವಜನಿಕರು ಅತ್ಯಂತ ಹೆಚ್ಚು ಭಯಪಡುವುದು ಕಾಲು ಕಳೆದುಕೊಳ್ಳುವುದಕ್ಕೆ. ಒಂದೇ ಮನೆಯಲ್ಲಿ ಅಜ್ಜನಿಗೂ ತದನಂತರ ತಂದೆಗೂ ಬೆರಳು ಅಥವಾ ಪಾದವನ್ನು ತೆಗೆಯಬೇಕಾಗಿ ಬಂದಿದ್ದಲ್ಲಿ, ಮುಂದಿನ ತಲೆಮಾರಿನವರು "ಇದು ನಮ್ಮ ಮನೆತನದ ಕಾಯಿಲೆ, ತಪ್ಪಿಸಲಾಗದು" ಎಂದು ತೀರ್ಮಾನಿಸಿಬಿಡುವುದುಂಟು. ಅಂತಹ ಮನೆಯ ಮಗನು ತನ್ನ ಪಾದಕ್ಕೆ ಜೋಮು ಹಿಡಿದಾಗ ಅದನ್ನು ಹಣೆಬರಹವೆಂದು ತಿಳಿದು ಆಸ್ಪತ್ರೆಗೆ ಹೋಗದೆ ಉಳಿಯುತ್ತಾನೆ. ಇದಕ್ಕೆ ವಿರುದ್ಧವಾಗಿ, ತಮ್ಮ ಕುಟುಂಬದಲ್ಲಿ ಯಾರಿಗೂ ಕಾಲಿನ ತೊಂದರೆ ಬಂದಿಲ್ಲವೆಂಬ ಧೈರ್ಯದಿಂದ ಪಾದಗಳ ಕಡೆಗೆ ನೋಡದೇ ಇರುವವರೂ ಇದ್ದಾರೆ. ಈ ಎರಡು ನಂಬಿಕೆಗಳೂ ಸರಿಯಲ್ಲ.

ಪಾದದ ತೊಂದರೆಗಳಲ್ಲಿ ಅನುವಂಶೀಯತೆಗೆ ಪಾತ್ರವಿದೆಯೇ, ಇದ್ದಲ್ಲಿ ಎಷ್ಟು, ಅದನ್ನು ತಿಳಿದ ಕುಟುಂಬದವರು ಏನು ಮಾಡಬಹುದು ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಟೈಪ್ 2 ಮಧುಮೇಹ ಮತ್ತು ಕುಟುಂಬ

ಮೊದಲಿಗೆ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಮಧುಮೇಹವು ಯಾರಿಗೆ ಬರುತ್ತದೆ ಎಂಬುದು ಒಂದು ಪ್ರಶ್ನೆ. ಮಧುಮೇಹ ಬಂದವರ ಪೈಕಿ ಯಾರ ಪಾದ ಹಾಳಾಗುತ್ತದೆ ಎಂಬುದು ಮತ್ತೊಂದು ಪ್ರಶ್ನೆ. ಇವೆರಡಕ್ಕೂ ಉತ್ತರ ಒಂದೇ ಅಲ್ಲ.

ಮೊದಲನೆಯ ಪ್ರಶ್ನೆಗೆ ಸಂಬಂಧಿಸಿದಂತೆ ಅನುವಂಶೀಯತೆಯ ಪ್ರಭಾವವು ಗಣನೀಯವಾಗಿದೆ. ತಂದೆ ಅಥವಾ ತಾಯಿ ಇಬ್ಬರಲ್ಲಿ ಒಬ್ಬರಿಗೆ ಟೈಪ್ 2 ಮಧುಮೇಹವಿದ್ದಲ್ಲಿ ಮಕ್ಕಳಿಗೆ ಜೀವಿತಾವಧಿಯಲ್ಲಿ ಅದು ಬರುವ ಸಂಭವ ಶೇಕಡಾ 40ರಷ್ಟು ಮತ್ತು ಇಬ್ಬರಿಗೂ ಇದ್ದಲ್ಲಿ ಶೇಕಡಾ 70ರಷ್ಟು ಎಂದು ಸಾಮಾನ್ಯವಾಗಿ ಅಂದಾಜಿಸಲಾಗುತ್ತದೆ. ಇದಕ್ಕೆ ಕಾರಣವಾದ ವಂಶವಾಹಿ ಒಂದೇ ಒಂದಲ್ಲ. 2024ರಲ್ಲಿ ಪ್ರಕಟವಾದ, ಸುಮಾರು 25 ಲಕ್ಷ ಜನರ ಮಾಹಿತಿಯನ್ನು ಒಳಗೊಂಡ ಅಂತರರಾಷ್ಟ್ರೀಯ ವಿಶ್ಲೇಷಣೆಯು ವರ್ಣತಂತುಗಳ 611 ಸ್ಥಾನಗಳನ್ನು ಟೈಪ್ 2 ಮಧುಮೇಹದೊಂದಿಗೆ ಜೋಡಿಸಿದೆ. ಪ್ರತಿಯೊಂದು ಸ್ಥಾನದ ಪ್ರಭಾವವು ಅಲ್ಪ. ಹಲವು ಸೇರಿದಾಗ ಒಲವು ಹೆಚ್ಚುತ್ತದೆ.

ಇವುಗಳ ಪೈಕಿ ಹೆಚ್ಚು ಪ್ರಭಾವವುಳ್ಳದ್ದು ಟಿಸಿಎಫ್7ಎಲ್2 ಎಂಬ ವಂಶವಾಹಿ. ಇದರ ಸಂಬಂಧವು 2006ರಲ್ಲಿ ಐಸ್‌ಲೆಂಡಿನ ಸಂಶೋಧಕರಿಂದ ಬೆಳಕಿಗೆ ಬಂದಿತು. ಭಾರತೀಯರಲ್ಲಿಯೂ ಅದೇ ಸಂಬಂಧವಿರುವುದನ್ನು ಹೈದರಾಬಾದಿನ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಪುಣೆಯ ವೈದ್ಯರೊಂದಿಗೆ ಸೇರಿ 2007ರಲ್ಲಿ ದೃಢಪಡಿಸಿದರು. ಆದರೆ ಇದೇ ವಂಶವಾಹಿಯ ಕುರಿತು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅಮೆರಿಕದ ಮಧುಮೇಹ ತಡೆ ಕಾರ್ಯಕ್ರಮದಲ್ಲಿ ಭಾಗವಹಿಸಿದವರ ವಂಶವಾಹಿಗಳನ್ನು ಪರೀಕ್ಷಿಸಿದಾಗ, ಈ ಅಪಾಯಕಾರಿ ರೂಪವನ್ನು ತಂದೆತಾಯಿ ಇಬ್ಬರಿಂದಲೂ ಪಡೆದವರಲ್ಲಿ ಮಧುಮೇಹವು ಹೆಚ್ಚಾಗಿ ಕಾಣಿಸಿಕೊಂಡಿತು. ಆದರೆ ಆಹಾರಕ್ರಮ ಮತ್ತು ವ್ಯಾಯಾಮವನ್ನು ಪಾಲಿಸಿದ ಗುಂಪಿನಲ್ಲಿ ಆ ಹೆಚ್ಚಳವು ಬಹುಮಟ್ಟಿಗೆ ಇಲ್ಲವಾಗಿತ್ತು. ಈ ಫಲಿತಾಂಶವು 2006ರಲ್ಲಿ ಪ್ರಕಟವಾಯಿತು. ಅದೇ ವರ್ಷ ಪ್ರಕಟವಾದ, ಚೆನ್ನೈನ ವೈದ್ಯರು ನಡೆಸಿದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಪೂರ್ವ ಹಂತದಲ್ಲಿದ್ದವರು ಜೀವನಶೈಲಿಯನ್ನು ಬದಲಿಸಿಕೊಂಡಾಗ ರೋಗದ ಅಪಾಯವು ಶೇಕಡಾ 28.5ರಷ್ಟು ತಗ್ಗಿದುದು ಕಂಡುಬಂದಿತು.

ಹುಟ್ಟಿನೊಂದಿಗೆ ಬರುವುದೆಲ್ಲವೂ ವಂಶವಾಹಿಗಳಿಂದಲೇ ಬಂದದ್ದೆಂದು ತಿಳಿಯಬಾರದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ನವಜಾತ ಶಿಶುಗಳ ತೂಕ ಮತ್ತು ಅಳತೆಗಳನ್ನು ದಾಖಲಿಸಿ ಇಡಲಾಗಿತ್ತು. ಆ ಶಿಶುಗಳು ವಯಸ್ಕರಾದ ಮೇಲೆ ಅವರಲ್ಲಿ ಹಲವರನ್ನು ಪತ್ತೆಹಚ್ಚಿ ಪರೀಕ್ಷಿಸಲಾಯಿತು. ಹುಟ್ಟುವಾಗ ಉದ್ದ ಕಡಿಮೆಯಿದ್ದು ಅದಕ್ಕೆ ಹೋಲಿಸಿದಲ್ಲಿ ದಪ್ಪನಾಗಿದ್ದವರಲ್ಲಿ ಹಾಗೂ ತಾಯಿಯ ತೂಕ ಹೆಚ್ಚಿದ್ದವರಲ್ಲಿ ಮಧುಮೇಹದ ಪ್ರಮಾಣವು ಹೆಚ್ಚಾಗಿತ್ತು. ಅಂದರೆ ಗರ್ಭದಲ್ಲಿನ ಪೋಷಣೆಯೂ ಮುಂದಿನ ರೋಗದ ಮೇಲೆ ಪ್ರಭಾವ ಬೀರುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ ದಾಖಲೆಗಳೇ ಸಾಕ್ಷಿಯಾಗಿವೆ.

ಪಾದವು ಹಾಳಾಗುವ ಹಂತಗಳು

ಮಧುಮೇಹವುಳ್ಳವರ ಪಾದವು ಒಂದೇ ದಿನದಲ್ಲಿ ಹಾಳಾಗುವುದಿಲ್ಲ. ಅದು ಈ ಕೆಳಕಂಡ ಹಂತಗಳಲ್ಲಿ ನಡೆಯುತ್ತದೆ.

1. ನರಗಳ ಹಾನಿ: ರಕ್ತದಲ್ಲಿ ಸಕ್ಕರೆಯ ಅಂಶವು ವರ್ಷಗಟ್ಟಲೆ ಹೆಚ್ಚಾಗಿದ್ದಾಗ ನರಗಳು ಕ್ಷೀಣಿಸುತ್ತವೆ. ಅತಿ ಉದ್ದವಾದ ನರಗಳು ಮೊದಲು ಹಾಳಾಗುವುದರಿಂದ ತೊಂದರೆಯು ಕಾಲ್ಬೆರಳುಗಳಿಂದ ಆರಂಭವಾಗಿ ಮೇಲಕ್ಕೆ ಏರುತ್ತದೆ. ಮೊದಲು ಉರಿ, ಚುಚ್ಚಿದಂತಾಗುವುದು, ಜೋಮು ಕಾಣಿಸಿಕೊಳ್ಳಬಹುದು. ಅನಂತರ ಸ್ಪರ್ಶಜ್ಞಾನವೇ ಇಲ್ಲವಾಗುತ್ತದೆ. ಕೆಲವರಲ್ಲಿ ಉರಿ, ಜೋಮು ಯಾವುದೂ ಇಲ್ಲದೆ ನೇರವಾಗಿ ಸ್ಪರ್ಶಜ್ಞಾನ ಹೋಗುವುದೂ ಉಂಟು. ಬೆವರು ನಿಂತು ಚರ್ಮ ಒಣಗಿ ಹಿಮ್ಮಡಿ ಬಿರುಕು ಬಿಡುತ್ತದೆ. ಪಾದದ ಸಣ್ಣ ಸ್ನಾಯುಗಳು ಬಲಹೀನವಾಗಿ ಬೆರಳುಗಳು ಬಾಗುತ್ತವೆ.

2. ರಕ್ತಸಂಚಾರದ ಕೊರತೆ: ಕಾಲಿನ ರಕ್ತನಾಳಗಳ ಒಳಗೋಡೆಯಲ್ಲಿ ಕೊಬ್ಬು ಮತ್ತು ಸುಣ್ಣದ ಅಂಶ ಸೇರಿ ನಾಳವು ಕಿರಿದಾಗುತ್ತದೆ. ನಡೆಯುವಾಗ ಮೀನಖಂಡದಲ್ಲಿ ನೋವು ಬಂದು, ನಿಂತಾಗ ಕಡಿಮೆಯಾಗುವುದು ಇದರ ಲಕ್ಷಣ.

3. ಗಾಯ: ಚಪ್ಪಲಿಯ ಉಜ್ಜುವಿಕೆ, ಮುಳ್ಳು, ಕಾದ ನೆಲ, ತಪ್ಪಾಗಿ ಕತ್ತರಿಸಿದ ಉಗುರು, ಬ್ಲೇಡಿನಿಂದ ಕೊಯ್ದ ಆಣಿ ಇವುಗಳಿಂದ ಗಾಯವಾಗುತ್ತದೆ. ನೋವು ಗೊತ್ತಾಗದ ಕಾರಣ ರೋಗಿಯು ಅದೇ ಗಾಯದ ಮೇಲೆ ನಡೆಯುತ್ತಲೇ ಇರುತ್ತಾನೆ.

4. ಸೋಂಕು ಮತ್ತು ಕೊಳೆಯುವಿಕೆ: ಹುಣ್ಣಿನೊಳಗೆ ಸೋಂಕು ತಗುಲಿ ಮಾಂಸಖಂಡ ಹಾಗೂ ಮೂಳೆಗೆ ಹರಡುತ್ತದೆ. ರಕ್ತಸಂಚಾರವೂ ಇಲ್ಲದಿದ್ದಲ್ಲಿ ಆ ಭಾಗವು ಕಪ್ಪಾಗಿ ಕೊಳೆಯುತ್ತದೆ. ಇದನ್ನೇ ಗ್ಯಾಂಗ್ರೀನ್ ಎನ್ನುತ್ತಾರೆ.

ಮಧುಮೇಹವುಳ್ಳ ಸರಿಸುಮಾರು ಮೂರರಿಂದ ಐದು ಜನರಲ್ಲಿ ಒಬ್ಬರಿಗೆ ಜೀವಿತಾವಧಿಯಲ್ಲಿ ಎಂದಾದರೂ ಪಾದದ ಹುಣ್ಣು ಆಗುವ ಸಂಭವವಿದೆ. ಮಧುಮೇಹದಿಂದಾಗಿ ಕಾಲು ತೆಗೆಯಬೇಕಾಗಿ ಬರುವ ಪ್ರಕರಣಗಳಲ್ಲಿ ಶೇಕಡಾ 80ಕ್ಕೂ ಹೆಚ್ಚಿನವು ಒಂದು ಹುಣ್ಣಿನಿಂದಲೇ ಆರಂಭವಾಗಿರುತ್ತವೆ. ಹುಣ್ಣನ್ನು ತಡೆದಲ್ಲಿ ಕಾಲು ಉಳಿಯುತ್ತದೆ ಎಂಬುದೇ ಇದರ ಅರ್ಥ.

ಪ್ರತಿ ಹಂತದಲ್ಲಿ ವಂಶವಾಹಿಗಳ ಪಾತ್ರ

ಮೇಲ್ಕಂಡ ಹಂತಗಳಲ್ಲಿ ವಂಶವಾಹಿಗಳು ಎಲ್ಲೆಲ್ಲಿ ಪ್ರಭಾವ ಬೀರುತ್ತವೆ ಎಂಬುದನ್ನು ವಿಜ್ಞಾನಿಗಳು ಹಲವು ದೇಶಗಳಲ್ಲಿ ಪರಿಶೀಲಿಸಿದ್ದಾರೆ.

ನರಗಳು: ಸಮಾನ ಅವಧಿಯ ಮಧುಮೇಹ ಮತ್ತು ಸಮಾನ ಸಕ್ಕರೆಯ ಮಟ್ಟವಿದ್ದರೂ ಒಬ್ಬರಿಗೆ ನರದೌರ್ಬಲ್ಯ ಬೇಗ ಬರುತ್ತದೆ, ಮತ್ತೊಬ್ಬರಿಗೆ ತಡವಾಗಿ ಬರುತ್ತದೆ. ಈ ವ್ಯತ್ಯಾಸಕ್ಕೆ ಅನುವಂಶೀಯತೆಯೂ ಒಂದು ಕಾರಣ. ಹೆಚ್ಚಾದ ಸಕ್ಕರೆಯನ್ನು ಸಾರ್ಬಿಟಾಲ್ ಎಂಬ ವಸ್ತುವಾಗಿ ಪರಿವರ್ತಿಸುವ ಕಿಣ್ವದ ವಂಶವಾಹಿಯನ್ನು ಈ ಸಂಬಂಧ ಬಹುಕಾಲದಿಂದ ಅಧ್ಯಯನ ಮಾಡಲಾಗಿದೆ. ಅಮೆರಿಕ ಮತ್ತು ಕೆನಡಾದ ರೋಗಿಗಳನ್ನು ಒಳಗೊಂಡ ಅಕಾರ್ಡ್ ಎಂಬ ಅಧ್ಯಯನದ ಆಧಾರದ ಮೇಲೆ 2019ರಲ್ಲಿ ಪ್ರಕಟವಾದ ವರದಿಯು, 2ನೇ ವರ್ಣತಂತುವಿನ ಒಂದು ಭಾಗವನ್ನು ಟೈಪ್ 2 ಮಧುಮೇಹದ ನರದೌರ್ಬಲ್ಯದೊಂದಿಗೆ ಜೋಡಿಸಿತು. ನರಗಳಲ್ಲಿ ಸಂಕೇತ ಸಾಗಲು ನೆರವಾಗುವ ಒಂದು ವಂಶವಾಹಿಯು ಆ ಭಾಗದ ಸಮೀಪದಲ್ಲಿದೆ. ಅಲ್ಲಿ ಕಂಡುಬಂದ ವಿರಳ ರೂಪವು ರೋಗವನ್ನು ತರುವಂಥದ್ದಲ್ಲ, ನರಗಳನ್ನು ಕಾಪಾಡುವಂಥದ್ದು ಎಂಬುದು ವಿಶೇಷ. ಅನುವಂಶೀಯತೆಯಿಂದ ಅಪಾಯವಷ್ಟೇ ಅಲ್ಲ, ರಕ್ಷಣೆಯೂ ಬರಬಹುದು.

ರಕ್ತನಾಳಗಳು: ಲೈಪೋಪ್ರೋಟೀನ್-ಎ ಎಂಬ ಕೊಬ್ಬಿನ ಕಣದ ಪ್ರಮಾಣವು ಬಹುಪಾಲು ಒಂದೇ ವಂಶವಾಹಿಯಿಂದ ನಿರ್ಧಾರವಾಗುತ್ತದೆ. ಇದು ಹೆಚ್ಚಿದ್ದವರಲ್ಲಿ ಕಾಲಿನ ರಕ್ತನಾಳಗಳು ಕಿರಿದಾಗುವ ಸಂಭವ ಹೆಚ್ಚು. ಇನ್ನೊಂದು ಉದಾಹರಣೆಯು ವಿಚಾರ ಮಾಡಬೇಕಾದದ್ದು. 15ನೇ ವರ್ಣತಂತುವಿನ ಮೇಲಿರುವ, ನಿಕೋಟಿನ್‌ಗೆ ಸ್ಪಂದಿಸುವ ವಂಶವಾಹಿಗಳ ಒಂದು ರೂಪವು ಕಾಲಿನ ರಕ್ತನಾಳದ ರೋಗದೊಂದಿಗೆ ಸಂಬಂಧ ಹೊಂದಿದೆಯೆಂದು 2008ರಲ್ಲಿ ತಿಳಿದುಬಂದಿತು. ಈ ರೂಪವುಳ್ಳ ಧೂಮಪಾನಿಗಳು ಹೆಚ್ಚು ಸಿಗರೇಟು ಸೇದುತ್ತಾರೆ, ಬಿಡಲು ಹೆಚ್ಚು ಕಷ್ಟಪಡುತ್ತಾರೆ. ಹಾನಿಯು ಬಹುಮಟ್ಟಿಗೆ ಹೊಗೆಯ ಮೂಲಕವೇ ಆಗುತ್ತದೆ. ಬೀಡಿ, ಸಿಗರೇಟನ್ನು ಮುಟ್ಟದವರಲ್ಲಿ ಇಂತಹ ವಂಶವಾಹಿಗೆ ಹಾನಿ ಮಾಡುವ ದಾರಿಯೇ ಇರುವುದಿಲ್ಲ.

ಪಾದದ ರಚನೆ: ತಂದೆಯ ಪಾದದ ಆಕಾರವು ಮಗನಿಗೂ ತಾಯಿಯ ಪಾದದ ಆಕಾರವು ಮಗಳಿಗೂ ಬರುವುದನ್ನು ಎಲ್ಲರೂ ಕಂಡಿದ್ದಾರೆ. ಹೆಬ್ಬೆರಳು ಪಕ್ಕಕ್ಕೆ ವಾಲಿ ಗಂಟು ಕಟ್ಟುವುದು ಹಾಗೂ ಇತರ ಬೆರಳುಗಳು ಬಾಗುವುದು ಬಹುಮಟ್ಟಿಗೆ ಆನುವಂಶಿಕವೆಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಾದ ಅಧ್ಯಯನವು 2013ರಲ್ಲಿ ವರದಿ ಮಾಡಿತು. ಸ್ಪರ್ಶಜ್ಞಾನವಿರುವವರಿಗೆ ಇಂತಹ ಗಂಟು ಕೇವಲ ತೊಡಕು. ಸ್ಪರ್ಶಜ್ಞಾನವಿಲ್ಲದವರಿಗೆ ಅದು ಚಪ್ಪಲಿ ಉಜ್ಜಿ ಹುಣ್ಣಾಗುವ ಜಾಗ.

ಗಾಯ ಮಾಯುವಿಕೆ: ಊತ, ಹೊಸ ರಕ್ತನಾಳಗಳ ಬೆಳವಣಿಗೆ ಮತ್ತು ಸೋಂಕಿನ ವಿರುದ್ಧ ಹೋರಾಟ ಇವುಗಳಿಗೆ ಸಂಬಂಧಿಸಿದ ಹಲವು ವಂಶವಾಹಿಗಳನ್ನು ಅಧ್ಯಯನ ಮಾಡಲಾಗಿದೆ. ಒಂದು ದೇಶದಲ್ಲಿ ಕಂಡ ಸಂಬಂಧವು ಮತ್ತೊಂದು ದೇಶದ ರೋಗಿಗಳಲ್ಲಿ ಕಾಣದಿರುವುದು ಇಲ್ಲಿ ಸಾಮಾನ್ಯ. ಆದ್ದರಿಂದ ಈ ಫಲಿತಾಂಶಗಳನ್ನು ಚಿಕಿತ್ಸೆಯಲ್ಲಿ ಬಳಸುವ ಹಂತ ಬಂದಿಲ್ಲ.

ಒಟ್ಟಾರೆ ಪಾಲು ಎಷ್ಟು?

ಈ ಪ್ರಶ್ನೆಗೆ ಉತ್ತರ ನೀಡುವ ಪ್ರಯತ್ನವು ಸ್ಕಾಟ್ಲೆಂಡಿನ ಟೇಸೈಡ್ ಪ್ರಾಂತ್ಯದ ಮಧುಮೇಹಿಗಳ ದಾಖಲೆಗಳನ್ನು ಆಧರಿಸಿ ನಡೆಯಿತು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ದೇಹದ ಊತ ಪ್ರತಿಕ್ರಿಯೆಗೆ ಸಂಬಂಧಿಸಿದ ಎಂಎಪಿಕೆ14 ಎಂಬ ವಂಶವಾಹಿಯು ಪಾದದ ಹುಣ್ಣಿನೊಂದಿಗೆ ಸಂಬಂಧ ಹೊಂದಿರಬಹುದೆಂದು ಕಂಡುಬಂದಿತು. ಅದೇ ಅಧ್ಯಯನದ ಅಂದಾಜಿನಂತೆ, ಮಧುಮೇಹಿಗಳಲ್ಲಿ ಕೆಲವರಿಗೆ ಹುಣ್ಣಾಗಿ ಕೆಲವರಿಗೆ ಆಗದಿರುವ ವ್ಯತ್ಯಾಸದಲ್ಲಿ ಸಾಮಾನ್ಯ ವಂಶವಾಹಿ ರೂಪಗಳ ಪಾಲು ಶೇಕಡಾ 6ರಷ್ಟು ಮಾತ್ರ.

ಇದು ಒಂದು ಪ್ರಾಂತ್ಯದ ಅಂದಾಜಾಗಿದ್ದು, ಎಲ್ಲ ಜನಾಂಗಗಳಿಗೂ ಇದೇ ಅಂಕಿಯು ಅನ್ವಯಿಸುತ್ತದೆ ಎನ್ನಲಾಗದು. ಆದರೂ ಇದರಿಂದ ತಿಳಿಯುವುದಿಷ್ಟು: ಮಧುಮೇಹ ಬರುವುದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. ಮಧುಮೇಹ ಬಂದ ನಂತರ ಪಾದ ಹಾಳಾಗುವುದರಲ್ಲಿ ಅದರ ಪಾಲು ಚಿಕ್ಕದು. ಉಳಿದ ಬಹುಪಾಲು ಸಕ್ಕರೆಯ ನಿಯಂತ್ರಣ, ರಕ್ತದೊತ್ತಡ, ತಂಬಾಕು, ಪಾದರಕ್ಷೆ, ಗಾಯದ ಆರೈಕೆ ಹಾಗೂ ಆಸ್ಪತ್ರೆಗೆ ಬರುವ ಸಮಯ ಇವುಗಳಿಗೆ ಸೇರಿದ್ದು.

ಬ್ರಿಟನ್ನಿನಲ್ಲಿ 1977ರಿಂದ 1997ರವರೆಗೆ ನಡೆದ ಯು.ಕೆ.ಪಿ.ಡಿ.ಎಸ್. ಎಂಬ ದೀರ್ಘ ಅಧ್ಯಯನವು ಇದನ್ನು ಪುಷ್ಟೀಕರಿಸುತ್ತದೆ. ಟೈಪ್ 2 ಮಧುಮೇಹಿಗಳಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಹೆಚ್‌ಬಿಎ1ಸಿ ಅಂಶವು 7.9ರ ಬದಲು 7.0ರಲ್ಲಿ ಇದ್ದಾಗ, ಸೂಕ್ಷ್ಮ ರಕ್ತನಾಳಗಳಿಗೆ ಸಂಬಂಧಿಸಿದ ತೊಡಕುಗಳು ಶೇಕಡಾ 25ರಷ್ಟು ಕಡಿಮೆಯಾದವು.

ಕುಟುಂಬದಲ್ಲಿ ಹರಿದುಬರುವ ಇತರ ಸಂಗತಿಗಳು

ಹಾಗಿದ್ದಲ್ಲಿ ಕೆಲವು ಮನೆಗಳಲ್ಲಿ ಒಬ್ಬರ ನಂತರ ಒಬ್ಬರಿಗೆ ಕಾಲಿನ ತೊಂದರೆ ಏಕೆ ಬರುತ್ತದೆ ಎಂಬ ಪ್ರಶ್ನೆ ಸಹಜ. ಒಂದು ಕುಟುಂಬದವರು ವಂಶವಾಹಿಗಳನ್ನಷ್ಟೇ ಹಂಚಿಕೊಂಡಿರುವುದಿಲ್ಲ. ಅಡುಗೆಮನೆ, ಕಸುಬು, ಅಭ್ಯಾಸಗಳನ್ನೂ ಹಂಚಿಕೊಂಡಿರುತ್ತಾರೆ. ತಂದೆ ಬರಿಗಾಲಿನಲ್ಲಿ ಗದ್ದೆಗೆ ಇಳಿದಂತೆ ಮಗನೂ ಇಳಿಯುತ್ತಾನೆ. ತಂದೆಯ ಬೀಡಿಯ ಅಭ್ಯಾಸ ಮಗನಿಗೂ ಬಂದಿರುತ್ತದೆ. ಗಾಯಕ್ಕೆ ಅರಿಶಿನ ಅಥವಾ ಸೊಪ್ಪಿನ ರಸ ಹಚ್ಚಿ ವಾರಗಟ್ಟಲೆ ಕಾಯುವುದು ಮನೆಯ ರೂಢಿಯಾಗಿರುತ್ತದೆ. ಆಸ್ಪತ್ರೆಯು ದೂರವಿದ್ದು ಕೂಲಿ ತಪ್ಪುವ ಚಿಂತೆಯಿದ್ದಲ್ಲಿ ಎಲ್ಲರೂ ತಡವಾಗಿಯೇ ಹೋಗುತ್ತಾರೆ. ಇವು ಕೂಡ ತಲೆಮಾರಿನಿಂದ ತಲೆಮಾರಿಗೆ ಬರುತ್ತವೆ. ಆದರೆ ಇವುಗಳನ್ನು ಬದಲಿಸಬಹುದು.

ವೆಲ್ಲೂರಿನ ಅನುಭವ

"ಮಾಂಸವೇ ತಾನಾಗಿ ಕೊಳೆಯುತ್ತದೆ" ಎಂಬ ನಂಬಿಕೆಯು ಮಧುಮೇಹಕ್ಕೆ ಮೊದಲು ಕುಷ್ಠರೋಗದ ವಿಷಯದಲ್ಲಿ ಬಲವಾಗಿತ್ತು. ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1940ರ ದಶಕದ ಕೊನೆಯಿಂದ ಸೇವೆ ಸಲ್ಲಿಸಿದ ಶಸ್ತ್ರಚಿಕಿತ್ಸಕ ಡಾ. ಪಾಲ್ ಬ್ರಾಂಡ್ ಅವರು ರೋಗಿಗಳ ದಿನಚರಿಯನ್ನು ಸೂಕ್ಷ್ಮವಾಗಿ ಗಮನಿಸಿದರು. ಬೆರಳುಗಳು ತಾವಾಗಿ ಉದುರುತ್ತಿರಲಿಲ್ಲ. ನೋವಿನ ಅರಿವಿಲ್ಲದ ಕಾರಣ ಬಿಸಿ ಪಾತ್ರೆ, ಮೊಳೆ, ರಾತ್ರಿಯ ಇಲಿ ಕಡಿತ ಇವುಗಳಿಂದ ಆದ ಗಾಯಗಳು ಗಮನಕ್ಕೆ ಬಾರದೆ ಉಳಿಯುತ್ತಿದ್ದವು. ಗಾಯವನ್ನು ತಡೆದಾಗ ಅಂಗವು ಉಳಿಯಿತು. 1966ರಲ್ಲಿ ಅವರು ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್ ಎಂಬಲ್ಲಿನ ಆಸ್ಪತ್ರೆಗೆ ತೆರಳಿದರು. ಅಲ್ಲಿ ಇದೇ ತತ್ತ್ವವನ್ನು ಮಧುಮೇಹಿಗಳ ಪಾದಗಳಿಗೂ ಅನ್ವಯಿಸಲಾಯಿತು. ಕುಷ್ಠರೋಗಿಗಳಿಗೆಂದು ಬಳಕೆಗೆ ಬಂದ ಮೃದು ರಬ್ಬರಿನ ಎಂ.ಸಿ.ಆರ್. ಚಪ್ಪಲಿಯನ್ನು ಇಂದು ಮಧುಮೇಹಿಗಳಿಗೂ ಸಲಹೆ ಮಾಡಲಾಗುತ್ತಿದೆ. ನರ ಹಾಳಾಗಲು ಕಾರಣ ಯಾವುದೇ ಇರಲಿ, ಕಾಲು ಹೋಗುವುದು ಗಮನಿಸದೆ ಉಳಿದ ಗಾಯದಿಂದ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕುಟುಂಬದಲ್ಲಿ ಕಾಲಿನ ತೊಂದರೆಯ ಇತಿಹಾಸವಿದ್ದವರು ಕೈಗೊಳ್ಳಬೇಕಾದ ಕ್ರಮಗಳು

ಅ) ಮಧುಮೇಹವಿಲ್ಲದ ಮಕ್ಕಳು ಮತ್ತು ಒಡಹುಟ್ಟಿದವರು

1. 30 ವರ್ಷ ತುಂಬಿದ ಪ್ರತಿಯೊಬ್ಬರೂ ರಕ್ತದ ಸಕ್ಕರೆ ಮತ್ತು ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳಬೇಕು. ತಂದೆತಾಯಿಗೆ ಮಧುಮೇಹವಿದ್ದು ತೂಕವೂ ಹೆಚ್ಚಿದ್ದಲ್ಲಿ 30 ವರ್ಷದವರೆಗೆ ಕಾಯದೆ ವೈದ್ಯರ ಸಲಹೆ ಪಡೆಯಬೇಕು.
2. ಖಾಲಿ ಹೊಟ್ಟೆಯಲ್ಲಿ ಸಕ್ಕರೆಯ ಅಂಶ 126 ಮಿಲಿಗ್ರಾಂ ಅಥವಾ ಹೆಚ್ಚು, ಅಥವಾ ಹೆಚ್‌ಬಿಎ1ಸಿ 6.5 ಅಥವಾ ಹೆಚ್ಚು ಇದ್ದಲ್ಲಿ ಮಧುಮೇಹವೆಂದು ಪರಿಗಣಿಸಿ, ಮರುಪರೀಕ್ಷೆಯಿಂದ ದೃಢಪಡಿಸಿಕೊಳ್ಳಲಾಗುತ್ತದೆ.
3. ಮನೆಯ ಹಿರಿಯರಲ್ಲಿ ಯಾರಿಗೆ ಮಧುಮೇಹ, ಯಾರಿಗೆ ಕಾಲಿನ ಹುಣ್ಣು, ಎಷ್ಟನೇ ವಯಸ್ಸಿನಲ್ಲಿ ಎಂಬುದನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸಬೇಕು.

ಆ) ಮಧುಮೇಹವುಳ್ಳವರು

ಮಧುಮೇಹ ಪತ್ತೆಯಾದ ದಿನವೇ ಪಾದಗಳ ಪರೀಕ್ಷೆಯೂ ಆಗಬೇಕು. ಟೈಪ್ 2 ಮಧುಮೇಹವು ಪತ್ತೆಯಾಗುವ ಮೊದಲೇ ಕೆಲವು ವರ್ಷ ದೇಹದಲ್ಲಿ ಇದ್ದಿರಬಹುದಾದ್ದರಿಂದ, ಆ ವೇಳೆಗಾಗಲೇ ನರಗಳಿಗೆ ಹಾನಿಯಾಗಿರುವ ಸಾಧ್ಯತೆಯಿದೆ. ವೈದ್ಯರು 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಸ್ಪರ್ಶಜ್ಞಾನವನ್ನು ಮತ್ತು ಪಾದದ ಮೇಲಿನ ನಾಡಿಯಿಂದ ರಕ್ತಸಂಚಾರವನ್ನು ಪರೀಕ್ಷಿಸುತ್ತಾರೆ. ಈ ಪರೀಕ್ಷೆಗೆ ಕೆಲವೇ ನಿಮಿಷಗಳು ಸಾಕು. ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ ಮುಂದಿನ ಪರೀಕ್ಷೆಗಳ ಅವಧಿಯು ಹೀಗಿರುತ್ತದೆ.

1. ಸ್ಪರ್ಶಜ್ಞಾನ ಮತ್ತು ರಕ್ತಸಂಚಾರ ಎರಡೂ ಸರಿಯಿದ್ದಲ್ಲಿ: ವರ್ಷಕ್ಕೊಮ್ಮೆ.
2. ಎರಡರಲ್ಲಿ ಒಂದು ಕುಂದಿದ್ದಲ್ಲಿ: 6ರಿಂದ 12 ತಿಂಗಳಿಗೊಮ್ಮೆ.
3. ಎರಡೂ ಕುಂದಿದ್ದಲ್ಲಿ, ಅಥವಾ ಒಂದು ಕುಂದಿದ್ದು ಪಾದದ ಆಕಾರವೂ ಕೆಟ್ಟಿದ್ದಲ್ಲಿ: 3ರಿಂದ 6 ತಿಂಗಳಿಗೊಮ್ಮೆ.
4. ಸ್ಪರ್ಶಜ್ಞಾನ ಅಥವಾ ರಕ್ತಸಂಚಾರ ಕುಂದಿದ್ದು, ಹಿಂದೆ ಹುಣ್ಣಾಗಿದ್ದಲ್ಲಿ, ಬೆರಳು ತೆಗೆದಿದ್ದಲ್ಲಿ ಅಥವಾ ಮೂತ್ರಪಿಂಡ ವಿಫಲವಾಗಿದ್ದಲ್ಲಿ: 1ರಿಂದ 3 ತಿಂಗಳಿಗೊಮ್ಮೆ.

ಒಮ್ಮೆ ಮಾಯ್ದ ಹುಣ್ಣು ಒಂದು ವರ್ಷದೊಳಗೆ ಮರುಕಳಿಸುವ ಸಂಭವ ಶೇಕಡಾ 40ರಷ್ಟಿದೆ. ಆದ್ದರಿಂದ ಮಾಯ್ದಿತೆಂದು ತಪಾಸಣೆಯನ್ನು ನಿಲ್ಲಿಸಬಾರದು.

ಇ) ಮನೆಯಲ್ಲಿಯೇ ಮಾಡಬಹುದಾದ ಸ್ಪರ್ಶ ಪರೀಕ್ಷೆ

ಯಾವುದೇ ಉಪಕರಣವಿಲ್ಲದೆ ಮನೆಯವರೇ ಈ ಪರೀಕ್ಷೆಯನ್ನು ಮಾಡಬಹುದು. ರೋಗಿಯು ಕಾಲುಚೀಲ, ಚಪ್ಪಲಿ ತೆಗೆದು ಕಣ್ಣು ಮುಚ್ಚಿ ಮಲಗಬೇಕು. ಮನೆಯವರೊಬ್ಬರು ತೋರುಬೆರಳಿನ ತುದಿಯಿಂದ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು ಮತ್ತು ಕಿರುಬೆರಳುಗಳ ತುದಿಯನ್ನು ಒಂದೊಂದಾಗಿ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತುವುದಾಗಲೀ ತಟ್ಟುವುದಾಗಲೀ ಸವರುವುದಾಗಲೀ ಕೂಡದು. ಮುಟ್ಟಿದ್ದು ಗೊತ್ತಾದಾಗ ರೋಗಿಯು ಬಲಗಾಲೋ ಎಡಗಾಲೋ ಎಂದು ಹೇಳಬೇಕು. ಒಟ್ಟು 6 ಸ್ಪರ್ಶಗಳಲ್ಲಿ 2 ಅಥವಾ ಹೆಚ್ಚು ಗೊತ್ತಾಗದಿದ್ದಲ್ಲಿ ಸ್ಪರ್ಶಜ್ಞಾನ ಕುಂದಿದೆಯೆಂದು ತಿಳಿದು ವೈದ್ಯರಲ್ಲಿಗೆ ಹೋಗಬೇಕು.

ಈ) ಪ್ರತಿದಿನದ ಪಾದರಕ್ಷಣೆ

1. ಪ್ರತಿ ರಾತ್ರಿ ಪಾದಗಳನ್ನು ತೊಳೆದು, ಬೆರಳುಗಳ ಸಂದಿಯನ್ನು ಒರೆಸಿ, ಗಾಯ, ಬೊಕ್ಕೆ, ಬಣ್ಣದ ಬದಲಾವಣೆ ಇದೆಯೇ ಎಂದು ನೋಡಬೇಕು. ಅಂಗಾಲು ಕಾಣದಿದ್ದಲ್ಲಿ ಕನ್ನಡಿಯನ್ನು ನೆಲದ ಮೇಲಿಟ್ಟು ನೋಡಬೇಕು. ದೃಷ್ಟಿ ಮಂದವಿದ್ದವರಿಗೆ ಮನೆಯವರು ನೋಡಿ ಹೇಳಬೇಕು.
2. ಮನೆಯ ಒಳಗೂ ಹೊರಗೂ ಬರಿಗಾಲಿನಲ್ಲಿ ನಡೆಯಬಾರದು. ದೇವಸ್ಥಾನದ ಕಲ್ಲುಹಾಸು ಮಧ್ಯಾಹ್ನದ ವೇಳೆ ಕಾದಿರುತ್ತದೆ. ಬೆಳಗಿನ ಹೊತ್ತು ಹೋಗುವುದು ಒಳ್ಳೆಯದು. ಸ್ಪರ್ಶಜ್ಞಾನ ಕುಂದಿದವರು ಕೊಂಡ ಹಾಯುವ ಹರಕೆಯನ್ನು ಹೊರಬಾರದು.
3. ಚಪ್ಪಲಿ ಹಾಕಿಕೊಳ್ಳುವ ಮೊದಲು ಒಳಗೆ ಕೈಯಾಡಿಸಿ ಕಲ್ಲು, ಮೊಳೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹಿಂಬದಿಯಲ್ಲಿ ಪಟ್ಟಿಯಿರುವ, ಮೃದು ಅಡಿಯ ಪಾದರಕ್ಷೆ ಸೂಕ್ತ. ಕೊಳ್ಳುವಾಗ ಸಂಜೆಯ ವೇಳೆ ಅಳತೆ ನೋಡಬೇಕು.
4. ಕಾಲಿಗೆ ಬಿಸಿನೀರಿನ ಚೀಲ, ಕೆಂಡದ ಶಾಖ ಕೊಡಬಾರದು. ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಬೇಕು.
5. ಉಗುರನ್ನು ನೇರವಾಗಿ ಕತ್ತರಿಸಬೇಕು. ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದಾಗಲೀ ಆಣಿಪಟ್ಟಿ ಹಚ್ಚುವುದಾಗಲೀ ಕೂಡದು.
6. ಬೆರಳಿಗೆ ಬಿಗಿಯಾದ ಕಾಲುಂಗುರವನ್ನು ಸಡಿಲಿಸಿಕೊಳ್ಳಬೇಕು.
7. ಬೀಡಿ, ಸಿಗರೇಟು ಮತ್ತು ಎಲ್ಲ ಬಗೆಯ ತಂಬಾಕನ್ನು ಸಂಪೂರ್ಣವಾಗಿ ತ್ಯಜಿಸಬೇಕು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಪಾದದಲ್ಲಿ ಯಾವುದೇ ಹುಣ್ಣು, ಕೀವು ಅಥವಾ ದುರ್ವಾಸನೆ, ಕೆಂಪಾಗಿ ಬಿಸಿಯಾದ ಊತ, ಬೆರಳು ಕಪ್ಪಾಗುವುದು, ಜ್ವರ ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಅಥವಾ ಮರುದಿನವೇ ವೈದ್ಯರನ್ನು ಕಾಣಬೇಕು. ಗಾಯವಿಲ್ಲದೆ, ನೋವೂ ಹೆಚ್ಚಿಲ್ಲದೆ ಒಂದು ಪಾದ ಮಾತ್ರ ಊದಿಕೊಂಡು ಬಿಸಿಯಾಗಿದ್ದಲ್ಲಿ ಅದು ಮೂಳೆಗಳು ಕುಸಿಯುವ ಶಾರ್ಕೋ ಪಾದದ ಆರಂಭವಾಗಿರಬಹುದು. ಅಂತಹ ಪಾದದ ಮೇಲೆ ಭಾರ ಹಾಕಿ ನಡೆಯಬಾರದು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಂಶವಾಹಿ ಪರೀಕ್ಷೆ ಮಾಡಿಸಿದರೆ ಕಾಲಿನ ತೊಂದರೆ ಬರುವುದನ್ನು ಮೊದಲೇ ತಿಳಿಯಬಹುದೇ?
ಉತ್ತರ: ಇಲ್ಲ. ಪಾದದ ಹುಣ್ಣನ್ನು ಮುಂಚಿತವಾಗಿ ಹೇಳಬಲ್ಲ, ಚಿಕಿತ್ಸೆಯಲ್ಲಿ ಬಳಕೆಗೆ ಬಂದ ವಂಶವಾಹಿ ಪರೀಕ್ಷೆ ಇಲ್ಲ. ಅದಕ್ಕೆ ಹಣ ವ್ಯಯಿಸುವ ಬದಲು ಪಾದ ಪರೀಕ್ಷೆ ಮಾಡಿಸಿಕೊಂಡು, ಒಂದು ಜೊತೆ ಸರಿಯಾದ ಚಪ್ಪಲಿಯನ್ನು ಕೊಳ್ಳುವುದು ಹೆಚ್ಚು ಪ್ರಯೋಜನಕಾರಿ.

ಪ್ರಶ್ನೆ: ಇನ್ಸುಲಿನ್ ಆರಂಭಿಸಿದ ಮೇಲೆ ತಂದೆಯವರ ಕಾಲು ತೆಗೆಯಬೇಕಾಯಿತು. ಇನ್ಸುಲಿನ್ ಕಾರಣವೇ?
ಉತ್ತರ: ಅಲ್ಲ. ಸೋಂಕು ತೀವ್ರವಾದಾಗ ಸಕ್ಕರೆಯು ಏರುವುದರಿಂದ ಅದನ್ನು ನಿಯಂತ್ರಿಸಲು ಇನ್ಸುಲಿನ್ ನೀಡಲಾಗುತ್ತದೆ. ಅಂದರೆ ಹುಣ್ಣು ಮೊದಲು, ಇನ್ಸುಲಿನ್ ನಂತರ. ಈ ಭಯದಿಂದ ಇನ್ಸುಲಿನ್ ನಿರಾಕರಿಸಿದಲ್ಲಿ ಗಾಯ ಮಾಯುವುದು ಮತ್ತಷ್ಟು ತಡವಾಗುತ್ತದೆ.

ಪ್ರಶ್ನೆ: ಮನೆಯಲ್ಲಿ ಒಬ್ಬರಿಗೆ ಕಾಲು ತೆಗೆದಿದ್ದಲ್ಲಿ ಆ ಮನೆಯ ಮಕ್ಕಳೊಂದಿಗೆ ವಿವಾಹ ಸಂಬಂಧ ಬೆಳೆಸಲು ಹಿಂಜರಿಯಬೇಕೇ?
ಉತ್ತರ: ಹಿಂಜರಿಯಲು ಕಾರಣವಿಲ್ಲ. ಮಕ್ಕಳಿಗೆ ಬರಬಹುದಾದದ್ದು ಮಧುಮೇಹದ ಒಲವೇ ಹೊರತು ಕಾಲು ಕಳೆದುಕೊಳ್ಳುವ ವಿಧಿಯಲ್ಲ. ಮಧುಮೇಹದ ಒಲವು ಇಂದು ಬಹುತೇಕ ಕುಟುಂಬಗಳಲ್ಲಿ ಒಂದಲ್ಲ ಒಂದು ಕಡೆಯಿಂದ ಇದ್ದೇ ಇದೆ.

ಲಭ್ಯವಿರುವ ಸೌಲಭ್ಯಗಳು

2010ರಲ್ಲಿ ಆರಂಭವಾದ, ಕ್ಯಾನ್ಸರ್, ಮಧುಮೇಹ, ಹೃದ್ರೋಗ ಮತ್ತು ಪಾರ್ಶ್ವವಾಯು ತಡೆ ರಾಷ್ಟ್ರೀಯ ಕಾರ್ಯಕ್ರಮವು 2023ರಿಂದ ಅಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ರಾಷ್ಟ್ರೀಯ ಕಾರ್ಯಕ್ರಮವೆಂಬ ಹೆಸರಿನಲ್ಲಿ ಮುಂದುವರಿದಿದೆ. ಇದರಡಿ 30 ವರ್ಷ ಮತ್ತು ಮೇಲ್ಪಟ್ಟವರಿಗೆ ಮಧುಮೇಹ ಹಾಗೂ ರಕ್ತದೊತ್ತಡದ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನಡೆಸಲಾಗುತ್ತದೆ. ಸಾರ್ವಜನಿಕರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ನಗರ ಪ್ರದೇಶದಲ್ಲಿ ನಮ್ಮ ಕ್ಲಿನಿಕ್, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್‌ನಲ್ಲಿ ವಿಚಾರಿಸಬಹುದು. ಗ್ರಾಮಗಳಲ್ಲಿ ಆಶಾ ಕಾರ್ಯಕರ್ತೆಯರು ಈ ಬಗ್ಗೆ ಮಾಹಿತಿ ನೀಡುತ್ತಾರೆ. ಪರೀಕ್ಷೆಗೆ ಹೋದಾಗ "ಪಾದವನ್ನೂ ನೋಡಿ" ಎಂದು ರೋಗಿಗಳೇ ಕೇಳಿಕೊಳ್ಳುವುದು ಸೂಕ್ತ.

ಉಪಸಂಹಾರ

ಹಿರಿಯರಿಂದ ಆಸ್ತಿಯೊಂದಿಗೆ ಸಾಲವೂ ಬರುವುದುಂಟು. ಸಾಲವಿದೆಯೆಂದು ಮೊದಲೇ ತಿಳಿದವನು ಎಚ್ಚರಿಕೆಯಿಂದ ನಡೆದುಕೊಂಡು ಅದನ್ನು ತೀರಿಸುತ್ತಾನೆ. ಮಧುಮೇಹದ ಕುಟುಂಬ ಇತಿಹಾಸವನ್ನೂ ಹೀಗೆಯೇ ಭಾವಿಸಬೇಕು. ತಂದೆಯವರ ಕಾಲು ಹೋದುದನ್ನು ಕಂಡ ಮಗನಿಗೆ ಅದು ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು ಇತರರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆ ತಿಳಿವಳಿಕೆಯಿಂದ ಆತನು ಪ್ರತಿ ರಾತ್ರಿ ತನ್ನ ಪಾದಗಳನ್ನು ನೋಡಿಕೊಳ್ಳುವುದಾದಲ್ಲಿ, ಸಕ್ಕರೆಯನ್ನು ಹತೋಟಿಯಲ್ಲಿಡುವುದಾದಲ್ಲಿ, ಸಣ್ಣ ಗಾಯಕ್ಕೂ ಕೂಡಲೇ ಚಿಕಿತ್ಸೆ ಪಡೆಯುವುದಾದಲ್ಲಿ, ಆ ಮನೆಯ ಮುಂದಿನ ತಲೆಮಾರಿಗೆ ಈ ಭಯವು ಉಳಿಯುವುದಿಲ್ಲ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಂಡು, ಮನೆಯ ಇತರ ಸದಸ್ಯರಿಗೂ ತಿಳಿಸಬೇಕಾಗಿ ಕೋರಲಾಗಿದೆ.